ಒಂದು ಡ್ರೈವರ್, ಹಲವು ಕಾಟಾ

(ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಲ್ಯಾಬ್ ಸಿಬ್ಬಂದಿ ಮತ್ತು ಊರಿನ ಕೆಲವು ಸಾಫ್ಟ್‌ವೇರ್ ಹುಡುಗರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಪ್ರಶ್ನೋತ್ತರದಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಉಪಕರಣದ ಡ್ರೈವರ್ ಅಂದರೆ ಏನು ಅನ್ನುವುದನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇನೆ. ಮಲ್ಟಿಮೀಟರ್, ಪವರ್ ಸಪ್ಲೈ, ಆಸಿಲೋಸ್ಕೋಪ್, ತೂಕದ ಇಂಡಿಕೇಟರ್ ಇವೆಲ್ಲ ಕಂಪ್ಯೂಟರ್ ಜೊತೆ ಮಾತಾಡುತ್ತವೆ. ಯಾವ ಕಮಾಂಡ್ ಕಳಿಸಬೇಕು, ಬಂದ ಉತ್ತರವನ್ನು ಹೇಗೆ ಬಿಡಿಸಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನೆಲ್ಲ ಒಂದು ಕಡೆ ಸೇರಿಸಿಟ್ಟ ಕೋಡೇ ಡ್ರೈವರ್. ಒಂದೇ ಉಪಕರಣ ಹತ್ತು ಪ್ರಾಜೆಕ್ಟ್‌ಗಳಲ್ಲಿ ಬಳಕೆಯಾಗುತ್ತದೆ, ಹಾಗಾಗಿ ಅದರ ಡ್ರೈವರ್ ಹತ್ತೂ ಪ್ರಾಜೆಕ್ಟ್‌ಗಳಿಗೆ ಬೇಕು. ಆ ಹತ್ತು ಕಡೆಗೂ ಅದನ್ನು ಹೇಗೆ ತಲುಪಿಸಬೇಕು, ಯಾರಾದರೂ ತಿದ್ದಿದರೆ ಉಳಿದವರ ಗತಿ ಏನು ಅನ್ನುವುದೇ ಇವತ್ತಿನ ವಿಷಯ.

ಉದಾಹರಣೆಗೆ ದೂರ ಹೋಗುವುದು ಬೇಡ, ನಮ್ಮ ಗಂಜ್‌ಗೇ, ಧಾನ್ಯದ ಮಾರುಕಟ್ಟೆಗೇ ಹೋಗೋಣ. ತೊಗರಿ ಸೀಸನ್‌ನಲ್ಲಿ ಲಾರಿಗಳು ಸಾಲುಗಟ್ಟಿ ಕಾಟಾ, ಅಂದರೆ ಲಾರಿ ತೂಗುವ ವೇ ಬ್ರಿಡ್ಜ್, ಹತ್ತುತ್ತವೆ. ವೇ ಬ್ರಿಡ್ಜ್‌ನ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಕಂಪ್ಯೂಟರ್‌ಗೆ ಬರುತ್ತದೆ, ಅಲ್ಲಿಂದ ಚೀಟಿ ಪ್ರಿಂಟ್ ಆಗುತ್ತದೆ. ಈ ಸಾಫ್ಟ್‌ವೇರ್ ಬರೆದುಕೊಡುವವರು ಇಲ್ಲೇ ಕೂತಿದ್ದೀರಿ. ಬಹುತೇಕ ಇಂಡಿಕೇಟರ್‌ಗಳು ಕೇಳದಿದ್ದರೂ ತೂಕವನ್ನು ಬಿಡದೆ ಕಳಿಸುತ್ತಲೇ ಇರುತ್ತವೆ. ಕೆಲವಂತೂ ಅಂಕಿಗಳನ್ನು ಹಿಂದುಮುಂದಾಗಿ ಕಳಿಸುತ್ತವೆ. 012340 ಅನ್ನುವ ತೂಕ ತಂತಿಯಲ್ಲಿ 043210 ಆಗಿ ಬರುತ್ತದೆ. ಅದನ್ನು ತಿರುಗಿಸಿಕೊಳ್ಳದಿದ್ದರೆ ಹನ್ನೆರಡು ಟನ್ ಚಿಲ್ಲರೆಯ ಲಾರಿ ಚೀಟಿಯಲ್ಲಿ ನಲವತ್ತಮೂರು ಟನ್ ಆಗುತ್ತದೆ. ಖಾಲಿ ಕಾಟಾದ ಮೇಲೆ ಪರೀಕ್ಷೆ ಮಾಡಿದವನಿಗೆ ಇದು ಗೊತ್ತೇ ಆಗುವುದಿಲ್ಲ, ಸೊನ್ನೆಯನ್ನು ಯಾವ ಕಡೆಯಿಂದ ಓದಿದರೂ ಸೊನ್ನೆಯೇ.

ಇಂಥ ತಪ್ಪು ಮೊದಲ ಲಾರಿಗೇ ಸಿಕ್ಕಿಬೀಳುತ್ತದೆ, ಅದರ ಚಿಂತೆ ಬೇಡ. ಚಿಂತೆ ಬೇರೆಯದು. ಇಂಡಿಕೇಟರ್ ಬಿಡದೆ ಕಳಿಸುತ್ತಿರುವಾಗ ನಮ್ಮ ಪ್ರೋಗ್ರಾಂ ಪೋರ್ಟ್ ತೆರೆದರೆ, ಒಂದು ಸಾಲಿನ ನಡುವಿನಿಂದ ಓದು ಶುರುವಾಗಬಹುದು. ಆಗ 12340 ಬದಲು 2340 ಬರುತ್ತದೆ. ಎಲ್ಲೋ ಒಮ್ಮೆ ಆಗುತ್ತದೆ, ಮತ್ತೆ ಮಾಡಿ ತೋರಿಸು ಅಂದರೆ ಆಗುವುದಿಲ್ಲ. ಪರಿಹಾರ ಸುಲಭ. ಸಾಲಿನ ಆರಂಭದ ಗುರುತು ಬರುವ ತನಕ ಬಂದದ್ದನ್ನೆಲ್ಲ ಬಿಸಾಕಬೇಕು, ಸಾಲಿನ ಉದ್ದ ಸರಿಯಿಲ್ಲದಿದ್ದರೆ ಇಡೀ ಸಾಲನ್ನೇ ಬಿಡಬೇಕು. ನಾಲ್ಕೈದು ಸಾಲಿನ ಕೋಡು. ಒಂದು ಮಿಲ್‌ನಲ್ಲಿ ದೂರು ಬಂತು, ಹುಡುಗ ಹೋಗಿ ಅಲ್ಲೇ ಕೂತು ಸರಿಮಾಡಿದ, ಚಹಾ ಕುಡಿದು ಬಂದ. ಉಳಿದ ಮಿಲ್‌ಗಳಲ್ಲಿ ಅದೇ ಕೋಡಿನ ಹಳೆ ಪ್ರತಿ ಹಾಗೇ ಓಡುತ್ತಿದೆ. ಅವನ ಲ್ಯಾಪ್‌ಟಾಪ್‌ನಲ್ಲಿ ಮಿಲ್ ಮಾಲೀಕರ ಹೆಸರಿನಲ್ಲಿ ಒಂದೊಂದು ಫೋಲ್ಡರ್, ಪ್ರತಿಯೊಂದರಲ್ಲೂ ಕಾಟಾ ಓದುವ ಒಂದೊಂದು ಫೈಲ್. ಎಲ್ಲದರ ಹೆಸರು ಒಂದೇ, ಒಳಗಿರುವುದು ಒಂದೇ ಅಲ್ಲ.

ಇದನ್ನು ನೋಡಿ ನಗುವವರಿದ್ದಾರೆ. ನಾನು ನಗುವುದಿಲ್ಲ. ಕಾಪಿ ಮಾಡಿಟ್ಟುಕೊಳ್ಳುವುದರಲ್ಲಿ ಒಂದು ದೊಡ್ಡ ಗುಣ ಇದೆ: ನನ್ನ ಪ್ರತಿಯನ್ನು ಬೇರೆ ಯಾರೂ ಕೆಡಿಸಲಾರರು. ಇವತ್ತು ಓಡುತ್ತಿರುವ ಕಾಟಾ ನಾಳೆಯೂ ಓಡುತ್ತದೆ. ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಸೋರ್ಸ್ ಕಂಟ್ರೋಲ್ ಬಗ್ಗೆ ಭಾಷಣ ಮಾಡುವವರು ಮೊದಲು ಈ ಗುಣವನ್ನು ಒಪ್ಪಿಕೊಂಡು ಮುಂದೆ ಹೋಗಬೇಕು. ಅದನ್ನು ಕಿತ್ತುಕೊಳ್ಳುವ ಯಾವ ವ್ಯವಸ್ಥೆಯನ್ನೂ ಕೆಲಸ ಮಾಡುವವರು ಒಳಗೊಳಗೇ ಬೈಪಾಸ್ ಮಾಡುತ್ತಾರೆ, ಮಾಡಲೂಬೇಕು.

ಕಿತ್ತುಕೊಂಡರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಪ್ರಸಂಗ ಹೇಳುತ್ತೇನೆ. ಹೈದರಾಬಾದಿನ ಒಂದು ಕಂಪನಿಯ ಟೆಸ್ಟಿಂಗ್ ವಿಭಾಗ, ಹೆಸರು ಬೇಡ. ಅಲ್ಲಿ ಕಾಪಿಗಳ ಕಾಟ ತಾಳಲಾರದೆ ಎಲ್ಲ ಡ್ರೈವರ್‌ಗಳನ್ನೂ ಸರ್ವರ್‌ನ ಒಂದೇ ಫೋಲ್ಡರ್‌ನಲ್ಲಿಟ್ಟು, ಎಲ್ಲರೂ ಅಲ್ಲಿಂದಲೇ ಓಡಿಸಿ ಅಂದರು. ರಿಲೇ ತಪಾಸಣೆ ಮಾಡುವ ಬೆಂಚಿನ ಹುಡುಗನಿಗೆ ಮಲ್ಟಿಮೀಟರ್ ನಿಧಾನ ಅನ್ನಿಸಿತು. ಅದು ಮೂಲತಃ ಹ್ಯೂಲೆಟ್-ಪ್ಯಾಕರ್ಡ್‌ನವರ 34401ಎ, ಆರೂವರೆ ಡಿಜಿಟ್ ಮೀಟರ್. ಈ ಮೀಟರ್‌ಗಳು ಕರೆಂಟಿನ ಆವರ್ತದ ಲೆಕ್ಕದಲ್ಲಿ ಸರಾಸರಿ ತೆಗೆಯುತ್ತವೆ. ಡೀಫಾಲ್ಟ್ 10 ಆವರ್ತ. ನಮ್ಮಲ್ಲಿ 50 ಹರ್ಟ್ಜ್ ಇರುವುದರಿಂದ ಒಂದು ಆವರ್ತ 20 ಮಿಲಿಸೆಕೆಂಡ್, ಹತ್ತಕ್ಕೆ 200. ಅವನು ಡ್ರೈವರ್ ಒಳಗಿನ 10 ಅನ್ನು 0.2 ಮಾಡಿದ. ಅಂದರೆ 4 ಮಿಲಿಸೆಕೆಂಡ್. ರಿಲೇ ಬೆಂಚು ಹಾರಿತು, ಅವನಿಗೆ ಶಭಾಷ್ ಸಿಕ್ಕಿತು.

ಅದೇ ಫೋಲ್ಡರ್‌ನಿಂದ ಓವನ್‌ನ ಬಿಸಿ ಅಳೆಯುವ ಥರ್ಮೋಕಪಲ್ ಓದುವ ಇನ್ನೊಂದು ಬೆಂಚು ಇತ್ತು. ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಪೂರ್ತಿ ಆವರ್ತಗಳ ಸರಾಸರಿ ತೆಗೆದಾಗ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ತಾನೇ ಹೊಡೆದುಹೋಗುತ್ತದೆ. ಆವರ್ತದ ಐದನೇ ಒಂದು ಭಾಗ ಮಾತ್ರ ನೋಡಿದರೆ ಅದೆಲ್ಲ ಅಳತೆಯೊಳಗೇ ಬಂದು ಕೂರುತ್ತದೆ. 200 ಮೈಕ್ರೋವೋಲ್ಟ್ ಏರುಪೇರಾದರೆ ಐದು ಡಿಗ್ರಿ ಕುಣಿತ. ಆ ಬೆಂಚಿನವರು ಥರ್ಮೋಕಪಲ್ ಬದಲಿಸಿದರು, ಅರ್ಥಿಂಗ್ ನೋಡಿದರು, ಕೇಬಲ್ ಬೇರೆ ದಾರಿಯಲ್ಲಿ ಎಳೆದರು. ತಮ್ಮ ಪ್ರೋಗ್ರಾಂ ಬದಲಾಗಿರಬಹುದು ಅನ್ನುವ ಸಂಶಯ ಯಾರಿಗೂ ಬರಲಿಲ್ಲ, ಯಾಕೆಂದರೆ ಅವರು ಅದನ್ನು ಮುಟ್ಟಿಯೇ ಇರಲಿಲ್ಲ. ಎಲ್ಲೂ ಎರರ್ ಇಲ್ಲ, ಫಂಕ್ಷನ್‌ನ ಹೆಸರು ಅದೇ, ಅದಕ್ಕೆ ಕೊಡುವ ಇನ್‌ಪುಟ್ ಅದೇ. ಅಳತೆ ಮಾತ್ರ ಬೇರೆ.

ಕಾಪಿ ಮಾಡಿದರೆ ತಿದ್ದುಪಡಿ ಹರಡುವುದಿಲ್ಲ, ಒಂದೇ ಕಡೆ ಇಟ್ಟರೆ ಕೇಳದೆಯೇ ಹರಡುತ್ತದೆ. ನಮಗೆ ಬೇಕಾದದ್ದು, ಬಳಸುವವನು ಬೇಕು ಅಂದಾಗ ಮಾತ್ರ ಬರುವ ತಿದ್ದುಪಡಿ. ಅದಕ್ಕೆ ಡ್ರೈವರ್‌ಗೆ ತನ್ನದೇ ಒಂದು ರೆಪೊ (ಕೋಡೂ ಅದರ ಚರಿತ್ರೆಯೂ ಇರುವ ಜಾಗ) ಇರಬೇಕು, ತನ್ನದೇ ವರ್ಷನ್ ನಂಬರ್ ಇರಬೇಕು, ಮತ್ತು ಪ್ರತಿ ಪ್ರಾಜೆಕ್ಟ್ ತನಗೆ ಯಾವ ನಂಬರ್ ಬೇಕು ಅನ್ನುವುದನ್ನು ತನ್ನೊಳಗೇ ಬರೆದಿಟ್ಟುಕೊಂಡಿರಬೇಕು. ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಉಳಿದದ್ದು ಇದನ್ನು ಸಾಧಿಸುವಾಗ ಎಲ್ಲೆಲ್ಲಿ ಕಾಲು ಜಾರುತ್ತದೆ ಅನ್ನುವ ವಿವರ.

ಸಬ್‌ವರ್ಷನ್ ಅನ್ನುವ ಸೋರ್ಸ್ ಕಂಟ್ರೋಲ್ ಸಾಧನ ಬಳಸುವವರು ಇನ್ನೂ ಬಹಳ ಮಂದಿ ಇದ್ದಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದರಲ್ಲಿ ‘ಎಕ್ಸ್‌ಟರ್ನಲ್ಸ್’ ಅನ್ನುವ ಸೌಲಭ್ಯ ಇದೆ. ನಿಮ್ಮ ಪ್ರಾಜೆಕ್ಟ್‌ನ ಒಂದು ಫೋಲ್ಡರ್ ಮೇಲೆ ‘ಇಲ್ಲಿಗೆ ಡ್ರೈವರ್ ಲೈಬ್ರರಿಯನ್ನು ತಂದು ಹಾಕು’ ಅಂತ ಬರೆದರೆ, ಚೆಕ್‌ಔಟ್ ಮಾಡಿದಾಗ, ಅಂದರೆ ಸರ್ವರ್‌ನಿಂದ ಪ್ರತಿ ಇಳಿಸಿಕೊಂಡಾಗ, ಅದೂ ಬರುತ್ತದೆ. ಹೆಚ್ಚಿನವರು ಬರೀ ವಿಳಾಸ ಬರೆಯುತ್ತಾರೆ, ಎಷ್ಟನೇ ಬದಲಾವಣೆ ಅನ್ನುವ ರಿವಿಷನ್ ನಂಬರ್ ಬರೆಯುವುದಿಲ್ಲ. ಆಗ ಬರುವುದು ಯಾವತ್ತೂ ಇತ್ತೀಚಿನದು. ಇದರ ನಿಜವಾದ ಪೆಟ್ಟು ಬೀಳುವುದು ಆಮೇಲೆ. ಹೋದ ವರ್ಷ ಗಿರಾಕಿಗೆ ಕೊಟ್ಟ ಪ್ರೋಗ್ರಾಂಗೆ ನೀವು ಟ್ಯಾಗ್, ಅಂದರೆ ಆ ಸ್ಥಿತಿಗೆ ಒಂದು ಹೆಸರು, ಹಾಕಿಟ್ಟಿರುತ್ತೀರಿ. ಈ ವರ್ಷ ಆ ಟ್ಯಾಗ್ ತೆಗೆದರೆ ನಿಮ್ಮ ಕೋಡು ಹೋದ ವರ್ಷದ್ದು, ಡ್ರೈವರ್ ಇವತ್ತಿನದು. ಅಂಥ ಪ್ರೋಗ್ರಾಂ ಯಾವತ್ತೂ ಯಾರ ಮೇಜಿನ ಮೇಲೂ ಓಡಿದ್ದಲ್ಲ. ಆದ್ದರಿಂದ ಎಕ್ಸ್‌ಟರ್ನಲ್ಸ್‌ನಲ್ಲಿ ರಿವಿಷನ್ ನಂಬರ್ ಬರೆಯಿರಿ, ಇಲ್ಲವೇ ಲೈಬ್ರರಿಯ ಟ್ಯಾಗ್‌ನ ವಿಳಾಸ ಕೊಡಿ.

ಗಿಟ್ ಇನ್ನೊಂದು ಸೋರ್ಸ್ ಕಂಟ್ರೋಲ್ ಸಾಧನ; ಒಂದು ರೆಪೊದೊಳಗೆ ಇನ್ನೊಂದನ್ನು ಕೂರಿಸುವ ಅದರ ಸಬ್‌ಮಾಡ್ಯೂಲ್‌ನಲ್ಲಿ ಈ ತೊಂದರೆ ಇಲ್ಲ. ಅದು ಹುಟ್ಟುತ್ತಲೇ ಒಂದು ನಿರ್ದಿಷ್ಟ ಕಮಿಟ್‌ಗೆ (ದಾಖಲಾದ ಒಂದು ಬದಲಾವಣೆಗೆ) ಅಂಟಿಕೊಂಡಿರುತ್ತದೆ. ಅದರ ತಂಟೆ ಬೇರೆ. ಬರೀ ಕ್ಲೋನ್ ಮಾಡಿದರೆ, ಅಂದರೆ ರೆಪೊದ ಪ್ರತಿ ಇಳಿಸಿಕೊಂಡರೆ, ಡ್ರೈವರ್ ಫೋಲ್ಡರ್ ಖಾಲಿ ಬರುತ್ತದೆ, ಹೊಸಬ ಗಾಬರಿಯಾಗುತ್ತಾನೆ; ಸಬ್‌ಮಾಡ್ಯೂಲ್ ಸಹಿತ ಕ್ಲೋನ್ ಮಾಡು ಅಂತ ಹೇಳಿಕೊಡಬೇಕು. ಇನ್ನೊಂದು, ಸಬ್‌ಮಾಡ್ಯೂಲ್ ಒಳಗೆ ಹೋಗಿ ನೋಡಿದರೆ ನೀವು ಯಾವ ಬ್ರಾಂಚ್ (ಕಮಿಟ್‌ಗಳ ಹೆಸರಿಟ್ಟ ಸಾಲು) ಮೇಲೂ ಇರುವುದಿಲ್ಲ. ಅಲ್ಲೇ ತಿದ್ದಿ, ಅಲ್ಲೇ ಕಮಿಟ್ ಮಾಡಿ, ಮುಂದೆ ಅಪ್‌ಡೇಟ್ ಕೊಟ್ಟಿರೋ, ಆ ಕಮಿಟ್ ಕಣ್ಣಿಗೆ ಬೀಳದ ಹಾಗೆ ಹಿಂದುಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ನಡೆಯುವುದು ಇದು: ಪ್ರಾಜೆಕ್ಟನ್ನು ಸರ್ವರ್‌ಗೆ ಪುಶ್ ಮಾಡುತ್ತಾರೆ, ಡ್ರೈವರ್ ರೆಪೊವನ್ನು ಪುಶ್ ಮಾಡಲು ಮರೆಯುತ್ತಾರೆ. ಪ್ರಾಜೆಕ್ಟ್ ಕೇಳುವ ಕಮಿಟ್ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುತ್ತದೆ, ಆ ಲ್ಯಾಪ್‌ಟಾಪ್ ರಜೆಗೆ ಬೀದರ್‌ಗೆ ಹೋಗಿರುತ್ತದೆ. ಪುಶ್ ಮಾಡುವ ಮುಂಚೆ ಸಬ್‌ಮಾಡ್ಯೂಲ್ ತಪಾಸಿಸುವ ಸೆಟ್ಟಿಂಗ್ ಗಿಟ್‌ನಲ್ಲೇ ಇದೆ. ಮೊದಲ ದಿನವೇ ಹಾಕಿಡಿ.

ಪೈಥಾನ್‌ನಲ್ಲಿ ಬರೆಯುವವರಿಗೆ ನನ್ನ ಸಲಹೆ, ಸಬ್‌ಮಾಡ್ಯೂಲ್ ಗೋಜಿಗೇ ಹೋಗಬೇಡಿ. ಡ್ರೈವರನ್ನು ಇನ್‌ಸ್ಟಾಲ್ ಮಾಡಬಹುದಾದ ಪ್ಯಾಕೇಜ್ ಮಾಡಿ, ಪ್ರಾಜೆಕ್ಟ್‌ನಲ್ಲಿ ಇಂಥದ್ದೇ ವರ್ಷನ್ ಅಂತ ಬರೆಯಿರಿ, ಪ್ರತಿ ಪ್ರಾಜೆಕ್ಟ್‌ಗೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಅದರ ಪ್ಯಾಕೇಜುಗಳಿಗೇ ಮೀಸಲಾದ ಜಾಗ) ಇಡಿ. ಪ್ಯಾಕೇಜಿನ ಒಂದು ಲಾಭ ಅಂದರೆ ಕೈ ತಡೆಯುವುದು. ಡ್ರೈವರ್ ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಕಣ್ಣೆದುರಿಗೇ ಬಿದ್ದಿದ್ದರೆ ರಾತ್ರಿ ಹತ್ತು ಗಂಟೆಗೆ ಅದನ್ನು ಅಲ್ಲೇ ತಿದ್ದುವ ಆಸೆ ಬರುತ್ತದೆ.

ಲ್ಯಾಬ್‌ವ್ಯೂನವರ ಕಥೆ ಸ್ವಲ್ಪ ಬೇರೆ, ಅವರ ಕಷ್ಟವೂ ಹೆಚ್ಚು. 1986ರಲ್ಲಿ ಮ್ಯಾಕಿಂಟಾಷ್ ಮೇಲೆ ಬಂದ, ಉಪಕರಣ ನಡೆಸುವ ಪ್ರೋಗ್ರಾಂ ಬರೆಯುವ ಈ ಸಾಧನದಲ್ಲಿ ಪ್ರೋಗ್ರಾಂ ಅಂದರೆ ಚಿತ್ರ. ಅದನ್ನು ಉಳಿಸುವ ವಿಐ ಫೈಲ್ ಬೈನರಿ, ಅಕ್ಷರವಾಗಿ ಓದಲಾಗದು. ಗಿಟ್‌ಗೆ ‘ಏನು ಬದಲಾಯಿತು’ ಅಂತ ಕೇಳಿದರೆ ‘ಬದಲಾಯಿತು’ ಅನ್ನುತ್ತದೆ, ಅಷ್ಟೇ. ಇಬ್ಬರು ತಿದ್ದಿದ್ದನ್ನು ಕೂಡಿಸುವುದೂ ಸುಲಭವಿಲ್ಲ, ಆದ್ದರಿಂದ ಲಾಕ್ ಹಾಕಿ ತಿದ್ದುವ ಹಳೆ ಪದ್ಧತಿಯೇ ಇಲ್ಲಿ ಮೇಲು. ಕಂಪೈಲ್ ಆದ ಕೋಡೂ ಅದೇ ಫೈಲ್‌ನೊಳಗೆ ಕೂರುತ್ತಿದ್ದ ಕಾಲದಲ್ಲಿ, ಡ್ರೈವರ್‌ನ ಒಂದು ಸಣ್ಣ ವಿಐ ಬದಲಾದರೆ ಅದನ್ನು ಕರೆಯುವ ವಿಐಗಳೆಲ್ಲ ತಮ್ಮನ್ನೂ ಸೇವ್ ಮಾಡು ಅನ್ನುತ್ತಿದ್ದವು. 2010ರ ಆವೃತ್ತಿಯಿಂದ ಕಂಪೈಲ್ ಕೋಡನ್ನು ಸೋರ್ಸ್‌ನಿಂದ ಬೇರೆ ಇಡುವ ಆಯ್ಕೆ ಬಂದಿದೆ. ಸೋರ್ಸ್ ಕಂಟ್ರೋಲ್ ಬಳಸುವವರು ಅದನ್ನು ಹಾಕಿಕೊಳ್ಳದಿದ್ದರೆ ತಲೆನೋವನ್ನು ತಾವೇ ಕರೆದಂತೆ.

ಲ್ಯಾಬ್‌ವ್ಯೂನಲ್ಲಿ ಇನ್ನೊಂದು ಬಲೆ ಇದೆ. ಒಂದೇ ಹೆಸರಿನ ಎರಡು ವಿಐಗಳನ್ನು ಲ್ಯಾಬ್‌ವ್ಯೂ ಒಂದೇ ಪ್ರಾಜೆಕ್ಟ್‌ನಲ್ಲಿ ಒಟ್ಟಿಗೆ ತೆರೆಯಲಾರದು. ಡ್ರೈವರ್‌ಗಳಲ್ಲೋ ಎಲ್ಲರೂ ‘ಇನಿಶಿಯಲೈಸ್’, ‘ಕ್ಲೋಸ್’ ಅಂತಲೇ ಹೆಸರಿಡುತ್ತಾರೆ. ನಿಮ್ಮ ಪ್ರಾಜೆಕ್ಟ್‌ನ ಪ್ರತಿ ಒಂದು ಕಡೆ, ಇನ್‌ಸ್ಟಾಲ್ ಆದ ಪ್ರತಿ ಇನ್ನೊಂದು ಕಡೆ ಇದ್ದರೆ, ಮೊದಲು ಯಾವುದು ತೆರೆದುಕೊಂಡಿತೋ ಅದೇ ಎಲ್ಲರಿಗೂ ಸಿಗುತ್ತದೆ. ಡ್ರೈವರನ್ನು ಲೈಬ್ರರಿ ಫೈಲ್‌ನೊಳಗೆ ಸೇರಿಸಿದರೆ ಲೈಬ್ರರಿಯ ಹೆಸರು ಮುಂದೆ ಅಂಟಿಕೊಂಡು, ಬೇರೆ ಬೇರೆ ಉಪಕರಣಗಳ ಡ್ರೈವರ್‌ಗಳ ನಡುವಿನ ಜಗಳ ತಪ್ಪುತ್ತದೆ. ಒಂದೇ ಡ್ರೈವರ್‌ನ ಎರಡು ಪ್ರತಿಗಳ ಜಗಳ ಅದರಿಂದಲೂ ತಪ್ಪುವುದಿಲ್ಲ. ಹಾಗೆಯೇ, ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ವಿಐ ಹಳೆಯದರಲ್ಲಿ ತೆರೆಯುವುದಿಲ್ಲ. ಒಬ್ಬ ಹೊಸ ಲ್ಯಾಪ್‌ಟಾಪ್ ತಂದು ಹಂಚಿಕೊಂಡ ಲೈಬ್ರರಿಯನ್ನು ಸೇವ್ ಮಾಡಿಬಿಟ್ಟರೆ ಉಳಿದವರೆಲ್ಲ ಹೊರಗೆ. ಲೈಬ್ರರಿ ಯಾವ ಆವೃತ್ತಿಯಲ್ಲಿ ಇರಬೇಕು ಅನ್ನುವುದನ್ನು ಮೊದಲೇ ನಿಗದಿ ಮಾಡಿ, ರೆಪೊದ ಮೊದಲ ಪುಟದಲ್ಲೇ ಬರೆಯಿರಿ.

ಇನ್ನು ವರ್ಷನ್ ನಂಬರ್ ಬಗ್ಗೆ. ಮೂರು ಅಂಕಿಯ ಪದ್ಧತಿ ನಿಮಗೆ ಗೊತ್ತು: ಹಳೆಯದು ಮುರಿಯುವಂತಿದ್ದರೆ ಮೊದಲ ಅಂಕಿ, ಹೊಸ ಸೌಲಭ್ಯಕ್ಕೆ ಎರಡನೆಯದು, ದುರಸ್ತಿಗೆ ಮೂರನೆಯದು. ಸಾಮಾನ್ಯ ಸಾಫ್ಟ್‌ವೇರ್‌ನಲ್ಲಿ ಫಂಕ್ಷನ್ನಿನ ರೂಪ ಬದಲಾದರೆ ಮುರಿಯಿತು ಅನ್ನುತ್ತೇವೆ. ಡ್ರೈವರ್‌ನಲ್ಲಿ ಆ ಅಳತೆಗೋಲು ಸಾಲದು. 10 ಅನ್ನು 0.2 ಮಾಡಿದ್ದು ರೂಪದಲ್ಲಿ ಏನೂ ಅಲ್ಲ, ಫಲದಲ್ಲಿ ಎಲ್ಲವೂ. ಶುರುವಿನಲ್ಲಿ ಒಂದು ರೀಸೆಟ್ ಕಮಾಂಡ್ ಸೇರಿಸಿದರೆ ಪವರ್ ಸಪ್ಲೈ ಔಟ್‌ಪುಟ್ ಆಫ್ ಆಗಿ, ಪರೀಕ್ಷೆಗೆ ಇಟ್ಟ ಬೋರ್ಡ್ ನಡುವೆಯೇ ಸತ್ತಂತಾಗಬಹುದು. ಡೀಫಾಲ್ಟ್ ರೇಂಜ್, ಕಾಯುವ ಹೊತ್ತು, ರೀಸೆಟ್ ಮುಟ್ಟಿದರೆ ಮೊದಲ ಅಂಕಿಯನ್ನೇ ಏರಿಸಿ ಅನ್ನುವುದು ನನ್ನ ಹಠ. ಅತಿಯಾಯಿತು ಅನ್ನುವವರು ಇದ್ದಾರೆ. ಅವರು ಥರ್ಮೋಕಪಲ್ ಬೆಂಚಿನಲ್ಲಿ ಕೂತವರಲ್ಲ.

ಉಪಕರಣದ ಗುರುತು ಕೇಳುವ ಕಮಾಂಡ್ ಬಗ್ಗೆಯೂ ಒಂದು ಮಾತು. ಉಪಕರಣಗಳನ್ನು ಕಂಪ್ಯೂಟರ್‌ಗೆ ಕೂಡಿಸಲು ಹ್ಯೂಲೆಟ್-ಪ್ಯಾಕರ್ಡ್‌ನವರು ಮಾಡಿಕೊಂಡಿದ್ದ ಜೋಡಣೆ 1975ರಲ್ಲಿ ಐಇಇಇ 488 ಅನ್ನುವ ಸ್ಟ್ಯಾಂಡರ್ಡ್ ಆಯಿತು. 1987ರ 488.2 ಎಲ್ಲ ಉಪಕರಣಕ್ಕೂ ಕೆಲವು ಸಾಮಾನ್ಯ ಕಮಾಂಡ್‌ಗಳನ್ನು ಕೊಟ್ಟಿತು, ‘*ಐಡಿಎನ್?’ ಅವುಗಳಲ್ಲೊಂದು. ಉತ್ತರದಲ್ಲಿ ನಾಲ್ಕು ಭಾಗ: ತಯಾರಕ, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್ (ಉಪಕರಣದೊಳಗಿನ ಸಾಫ್ಟ್‌ವೇರ್) ಆವೃತ್ತಿ. ಬಹಳ ಡ್ರೈವರ್‌ಗಳು ತಯಾರಕರ ಹೆಸರು ಹೊಂದದಿದ್ದರೆ ಮುಂದೆ ಹೋಗುವುದೇ ಇಲ್ಲ. ಆದರೆ ಹ್ಯೂಲೆಟ್-ಪ್ಯಾಕರ್ಡ್‌ನ ಅಳತೆ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್ ಆಯಿತು, 2014ರ ನವೆಂಬರ್ 1ರಂದು ಕೀಸೈಟ್ ಆಗಿ ಬೇರೆಯಾಯಿತು. ತಮಾಷೆ ನೋಡಿ, ನಮ್ಮ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಗಿದ್ದೂ ಅದೇ ದಿನ. ವಿಶ್ವವಿದ್ಯಾಲಯದ ಬೋರ್ಡ್ ಮೇಲೆ ಗುಲ್ಬರ್ಗಾ ಉಳಿದಂತೆ, ಮುಖದ ಮೇಲೆ ಅಜಿಲೆಂಟ್ ಅಂತ ಬರೆದ 34401ಎ ಕೂಡ ಕೇಳಿದರೆ ‘ಹ್ಯೂಲೆಟ್-ಪ್ಯಾಕರ್ಡ್’ ಅಂತಲೇ ಹೇಳುತ್ತದೆ. ಡ್ರೈವರ್ ಮಾಡೆಲ್ ನಂಬರ್ ನೋಡಲಿ, ತಯಾರಕರ ಹೆಸರನ್ನು ಲಾಗ್‌ನಲ್ಲಿ ಬರೆದುಕೊಳ್ಳಲಿ, ಅದರ ಮೇಲೆ ಬಾಗಿಲು ಹಾಕದಿರಲಿ. ಫರ್ಮ್‌ವೇರ್ ಭಾಗವನ್ನಂತೂ ತಪ್ಪದೆ ಲಾಗ್ ಮಾಡಿ, ಅದರ ಪಕ್ಕದಲ್ಲೇ ನಿಮ್ಮ ಡ್ರೈವರ್‌ನ ವರ್ಷನ್ ಕೂಡ. ವರ್ಷದ ಮೇಲೆ ಒಂದು ರಿಪೋರ್ಟ್ ಹಿಡಿದು ಯಾರಾದರೂ ಬಂದರೆ ಆ ಒಂದು ಸಾಲು ಕೈ ಹಿಡಿಯುತ್ತದೆ.

ಲೈಬ್ರರಿಯೊಳಗೆ ಏನಿರಬಾರದು ಅನ್ನುವುದು ಏನಿರಬೇಕು ಅನ್ನುವಷ್ಟೇ ಮುಖ್ಯ. ಪೋರ್ಟ್ ನಂಬರ್, ಬಾಡ್ ರೇಟ್ (ಸೀರಿಯಲ್ ಪೋರ್ಟ್‌ನ ವೇಗ), ಜಿಪಿಐಬಿ (ಅದೇ ಐಇಇಇ 488 ಜೋಡಣೆ) ವಿಳಾಸ, ಕ್ಯಾಲಿಬ್ರೇಷನ್ ಅಂಕಿ, ಗಿರಾಕಿಯ ಹೆಸರು ಇವೆಲ್ಲ ಆಯಾ ಬೆಂಚಿನ ಸೆಟ್ಟಿಂಗ್ ಫೈಲ್‌ಗೆ ಸೇರಿದವು. ಜನ ಡ್ರೈವರನ್ನು ಕಾಪಿ ಮಾಡುವ ಅರ್ಧ ಕಾರಣ ಇದೇ. ಒಳಗೆ ಪೋರ್ಟ್ ‘ಕಾಮ್ 3’ ಅಂತ ಬರೆದಿರುತ್ತದೆ, ಇವರ ಕಂಪ್ಯೂಟರ್‌ನಲ್ಲಿ ಅದು ಕಾಮ್ 5. ತಯಾರಕರೇ ಕೊಟ್ಟ ಡ್ರೈವರ್ ಇದ್ದರೆ ಅದನ್ನು ಬಂದ ಹಾಗೆಯೇ ಮೊದಲು ಒಂದು ಕಮಿಟ್ ಮಾಡಿ, ನಿಮ್ಮ ತಿದ್ದುಪಡಿ ಅದರ ಮೇಲೆ ಬರಲಿ. ಅವರು ಹೊಸದು ಕೊಟ್ಟಾಗ ನೀವು ಏನೇನು ತಿದ್ದಿದ್ದಿರಿ ಅನ್ನುವುದು ಬೇರೆಯಾಗಿ ಕಾಣುತ್ತದೆ. ಮತ್ತೆ, ಉಪಕರಣ ಕಳಿಸಿದ ಕಚ್ಚಾ ಸಾಲುಗಳನ್ನು ಹಿಡಿದು ಪರೀಕ್ಷೆಗಾಗಿ ರೆಪೊದಲ್ಲೇ ಇಡಿ: ಹಿಂದುಮುಂದಾದ ಸಾಲು, ನಡುವೆ ತುಂಡಾದ ಸಾಲು, ಮೈನಸ್ ಚಿಹ್ನೆ ಬಂದ ಸಾಲು. ಕಾಟಾ ಹತ್ತಿರ ಇಲ್ಲದಿದ್ದರೂ ಡ್ರೈವರ್ ಸರಿಯಾಗಿ ಓದುತ್ತದೋ ಇಲ್ಲವೋ ಮನೆಯಲ್ಲಿ ಕೂತು ನೋಡಬಹುದು.

ಪ್ರಶ್ನೆಗಳಲ್ಲಿ ಮೊದಲನೆಯದು ಸೇಡಂ ಕಡೆಯ ಸಿಮೆಂಟ್ ಪ್ಲಾಂಟ್‌ನಲ್ಲಿ ಕೆಲಸ ಮಾಡುವವರಿಂದ ಬಂತು: “ಸರ, ಪ್ಲಾಂಟ್ ಒಳಗ ಇಂಟರ್ನೆಟ್ ಇರಂಗಿಲ್ಲ. ಗಿಟ್ ಹ್ಯಾಂಗ ನಡಸಬೇಕ್ರಿ?”

ಗಿಟ್‌ಗೆ ಇಂಟರ್ನೆಟ್ ಬೇಕೇ ಬೇಕು ಅಂತಿಲ್ಲ. ಪ್ಲಾಂಟ್‌ನ ಒಳಗಿನ ಒಂದು ಕಂಪ್ಯೂಟರ್‌ನಲ್ಲಿ ಬೇರ್ ರೆಪೊ (ತಿದ್ದುವ ಫೈಲ್‌ಗಳಿಲ್ಲದೆ ಚರಿತ್ರೆ ಮಾತ್ರ ಇರುವ ರೆಪೊ) ಇಟ್ಟರೆ ಅದೇ ನಿಮ್ಮ ಸರ್ವರ್. ಹೊರಗಿನಿಂದ ಹೊಸ ಕಮಿಟ್ ತರಬೇಕಾದರೆ ‘ಬಂಡಲ್’ ಅನ್ನುವ ಕಮಾಂಡ್ ಇದೆ, ಬೇಕಾದ ಕಮಿಟ್‌ಗಳನ್ನೆಲ್ಲ ಒಂದು ಫೈಲ್ ಮಾಡಿಕೊಡುತ್ತದೆ. ಐಟಿಯವರು ಸ್ಕ್ಯಾನ್ ಮಾಡಿ ಒಳಗೆ ಬಿಟ್ಟರೆ ಅದರಿಂದಲೇ ಪುಲ್ ಮಾಡಬಹುದು. ಚರಿತ್ರೆ, ಟ್ಯಾಗ್ ಎಲ್ಲ ಹಾಗೇ ಬರುತ್ತವೆ. ಜಿಪ್ ಫೈಲ್‌ನಲ್ಲಿ ಅವು ಬರುವುದಿಲ್ಲ.

“ನಾ ಒಬ್ಬನೇ ಅದೀನ್ರಿ, ನಾನೇ ಬರೀತೀನಿ, ನಾನೇ ತಿದ್ದತೀನಿ. ನನಗ್ಯಾಕ್ರಿ ಇದೆಲ್ಲಾ?” ಇದು ಗಂಜ್‌ನ ಹುಡುಗನ ಪ್ರಶ್ನೆ.

ನೀನು ಒಬ್ಬನೇ ಇರಬಹುದಪ್ಪ, ನಿನ್ನ ಕಾಟಾಗಳು ಒಂದೇ ಅಲ್ಲ. ಇವತ್ತು ರಾತ್ರಿ ಒಂದು ಕೆಲಸ ಮಾಡು. ಎಲ್ಲ ಮಿಲ್‌ಗಳ ಫೋಲ್ಡರ್‌ನಿಂದ ಕಾಟಾ ಓದುವ ಫೈಲ್ ತೆಗೆದು ಒಂದರ ಪಕ್ಕ ಒಂದು ಇಟ್ಟು ಹೋಲಿಸಿ ನೋಡು. ಎಲ್ಲಿ ಬೇರೆಯಾಗಿದೆಯೋ ಅಲ್ಲೆಲ್ಲ ‘ಇದು ದುರಸ್ತಿಯೋ, ಆ ಮಿಲ್‌ನ ಸೆಟ್ಟಿಂಗೋ’ ಅಂತ ಕೇಳಿಕೋ. ದುರಸ್ತಿಗಳು ಲೈಬ್ರರಿಗೆ, ಸೆಟ್ಟಿಂಗ್‌ಗಳು ಸೆಟ್ಟಿಂಗ್ ಫೈಲ್‌ಗೆ. ಅದಕ್ಕೆ 1.0.0 ಅಂತ ಟ್ಯಾಗ್ ಹಾಕು. ಎಲ್ಲ ಮಿಲ್‌ಗೂ ಒಂದೇ ದಿನ ಹಾಕಲು ಹೋಗಬೇಡ. ಮುಂದಿನ ಸಲ ಯಾವ ಮಿಲ್‌ನಿಂದ ಫೋನ್ ಬರುತ್ತದೋ ಅಲ್ಲಿಂದ ಶುರುಮಾಡು. ಸೀಸನ್ ನಡುವೆ ಮಾತ್ರ ಯಾರ ಕಾಟಾವನ್ನೂ ಮುಟ್ಟಬೇಡ.

ಕೊನೆಯ ಪ್ರಶ್ನೆಯೂ ಅವನದೇ: “ಒಬ್ಬ ಮಾಲೀಕರು ತೂಕ ಹತ್ತರ ಲೆಕ್ಕಕ್ಕ ರೌಂಡ್ ಮಾಡು ಅಂತಾರ್ರಿ. ಅದನ್ನ ಡ್ರೈವರ್‌ನ್ಯಾಗ ಹಾಕ್ಲೇನ್ರಿ?”

ಬೇಡ. ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷೆ ಮಾಡಿ ಮುದ್ರೆ ಹಾಕಿರುತ್ತಾರೆ. ಇಂಡಿಕೇಟರ್ ತೋರಿಸಿದ ಅಂಕಿಯನ್ನೇ ಡ್ರೈವರ್ ಕೊಡಬೇಕು, ಒಂದು ಕೆಜಿ ಆಚೆಗಿಲ್ಲ ಈಚೆಗಿಲ್ಲ. ರೌಂಡಿಂಗನ್ನು ಡ್ರೈವರ್ ಒಳಗೆ ಹಾಕಿದೆ ಅಂದರೆ ಮುಂದಿನ ಅಪ್‌ಡೇಟ್‌ನಲ್ಲಿ ಅದು ಕೇಳದೇ ಇದ್ದ ಮಿಲ್‌ಗಳಿಗೂ ಹೋಗುತ್ತದೆ. ಆ ಮಾಲೀಕರು ಕೇಳಿದ ರೌಂಡಿಂಗ್ ಅವರ ಬಿಲ್ ಪ್ರೋಗ್ರಾಂನಲ್ಲಿರಲಿ, ಚೀಟಿಯ ಮೇಲೆ ಎರಡೂ ಅಂಕಿ ಪ್ರಿಂಟ್ ಆಗಲಿ. ರೈತ ಹೊರಗಿನ ಡಿಸ್‌ಪ್ಲೇ ನೋಡಿಕೊಂಡೇ ಒಳಗೆ ಬಂದಿರುತ್ತಾನೆ.